ಮಡಿಯುಟ್ಟ ಸ್ಯಾಕ್ಸೊಫೋನು, ಅಂಗಳದಾಚೆಯ ಡೋಲು

ಅಮೆರಿಕದ ಕಪ್ಪುಜನರ ಹೋರಾಟದಿಂದ ನಮ್ಮ ಚಳವಳಿ ಪಡೆದದ್ದು ಬಹಳ. 1966ರಲ್ಲಿ ಅಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿತು, 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಆ ಹೆಸರಿನ ಬಿಸಿ ಕರ್ನಾಟಕಕ್ಕೂ ತಾಗಿತು. ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಂ ಎಕ್ಸ್ ನಮ್ಮ ಅಧ್ಯಯನ ಶಿಬಿರಗಳಲ್ಲಿ ಮನೆಯವರ ಹಾಗೆ ಆದರು. ಅವರ ಭಾಷಣ ಬಂತು, ಕವಿತೆ ಬಂತು, ಆತ್ಮಕಥೆ ಬಂತು. ಸಂಗೀತ ಮಾತ್ರ ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ, ಬಂದದ್ದು ನಮ್ಮ ಕಡೆಗೆ ಅಲ್ಲ ಎನ್ನುವುದು ಸರಿ. 1930ರ ದಶಕದಲ್ಲೇ ಲಿಯಾನ್ ಆಬಿ, ಟೆಡ್ಡಿ ವೆದರ್‌ಫರ್ಡ್ ಎಂಬ ಕಪ್ಪು ಕಲಾವಿದರು ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿ ಜಾಝ್ ನುಡಿಸಿದ್ದರು. ಕೇಳಿದವರು ದೊರೆಗಳು, ರಾಜರು, ಗಿರಣಿ ಮಾಲೀಕರು. ಹೀಗಾಗಿ ಗುಲಾಮರ ಮಕ್ಕಳು ಕಟ್ಟಿದ ಸಂಗೀತ ನಮ್ಮ ದೇಶದಲ್ಲಿ ಸೂಟುಬೂಟಿನವರ ಸಂಗೀತವೆಂದು ಹೆಸರಾಯಿತು. ಇಂತಹ ತಮಾಷೆ ಚರಿತ್ರೆಯಲ್ಲಿ ಅಪರೂಪವೇನಲ್ಲ.

ಈಗ ಮೊಬೈಲು ಇದ್ದವರೆಲ್ಲ ಆ ರೆಕಾರ್ಡುಗಳನ್ನು ಕೇಳಬಹುದು. ಆದ್ದರಿಂದ ಈ ಮಾತು ಎತ್ತುತ್ತಿದ್ದೇವೆ. ವಾಮದಪದವಿನಂತಹ ಊರಿನಲ್ಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಒಂದಕ್ಕೊಂದು ತಾಗುವ ಈ ಮೂಲೆಯಲ್ಲಿ ಕೂತು ಜಾಝ್ ಬಗ್ಗೆ ಬರೆಯುವುದು ಎಂತ ಮರುಳು ಎಂದು ಕೆಲವರು ಕೇಳಬಹುದು. ಇದೇ ಬಂಟ್ವಾಳ ತಾಲೂಕಿನಿಂದ ಹೊರಟ ಒಂದು ಉಸಿರು ಜಾಝ್ ಲೋಕದ ಒಳಗೆ ಹೋಗಿ ಬಂದಿದೆ. ಅದೇ ತಾಲೂಕಿನಲ್ಲಿ ಇನ್ನೊಂದು ಸದ್ದು ಇವತ್ತಿಗೂ ಅಂಗಳದಾಚೆ ನಿಂತಿದೆ. ನಮ್ಮ ಪ್ರಶ್ನೆ ಒಂದೇ: ವಾದ್ಯಕ್ಕೆ ಮರ್ಯಾದೆ ಸಿಕ್ಕಿದರೆ ಅದನ್ನು ನುಡಿಸುವ ಜನಕ್ಕೂ ಸಿಕ್ಕಿದ ಹಾಗೆಯೇ?

ಮೊದಲು ಜಾಝ್ ಎಲ್ಲಿಂದ ಬಂತು ನೋಡೋಣ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು, ಡೋಲು ಬಡಿಯುತ್ತ ಹೊರಟರು. ಮರುವರ್ಷ, 1740ರಲ್ಲಿ, ಒಡೆಯರು ಕಾನೂನು ಮಾಡಿ ಗುಲಾಮರಿಗೆ ಡೋಲನ್ನೇ ನಿಷೇಧಿಸಿದರು. ಡೋಲು ಎಂದರೆ ಸುದ್ದಿ, ಡೋಲು ಎಂದರೆ ಕರೆ ಎಂದು ಒಡೆಯನಿಗೆ ಗೊತ್ತಿತ್ತು. ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಭಾನುವಾರ ಗುಲಾಮರು ಸೇರಿ ಕುಣಿಯಲು, ಬಾರಿಸಲು ಅವಕಾಶವಿತ್ತು; 1817ರಲ್ಲಿ ಅದನ್ನೂ ಒಂದೇ ಜಾಗಕ್ಕೆ ಕಟ್ಟಿಹಾಕಿದರು. ಆ ಬಯಲಿಗೆ ಕಾಂಗೊ ಸ್ಕ್ವೇರ್ ಎಂದು ಹೆಸರು. ಗುಲಾಮಗಿರಿ ಹೋದ ಮೇಲೆ ಅದೇ ಊರಿನ ಕಪ್ಪುಜನ ಬ್ಯಾಂಡಿನ ಕಹಳೆ, ಕ್ಲಾರಿನೆಟ್ಟು, ಡ್ರಮ್ಮು ಹಿಡಿದು ಹೆಣದ ಮೆರವಣಿಗೆಗೂ ಮದುವೆಗೂ ನುಡಿಸಿದರು. ಜಾಝ್ ಹುಟ್ಟಿದ್ದು ಇಂತಹ ಕೂಲಿ ವಾದ್ಯದ ಒಳಗಿನಿಂದ.

ಆದರೆ ಮೊದಲ ಜಾಝ್ ರೆಕಾರ್ಡು ಯಾರದು? 1917ರಲ್ಲಿ ವಿಕ್ಟರ್ ಕಂಪೆನಿ ಹೊರತಂದ ಆ ಪ್ಲೇಟಿನಲ್ಲಿ ನುಡಿಸಿದವರು ಐವರು ಬಿಳಿಯರು. ತಂಡದ ಹೆಸರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್. ಕದ್ದವನೇ 'ಒರಿಜಿನಲ್' ಎಂದು ಬೋರ್ಡು ಹಾಕಿಕೊಳ್ಳುವುದು ನಮಗೆ ಹೊಸತಲ್ಲ. ಆಮೇಲೆ ಕಪ್ಪುಜನರ ಪ್ಲೇಟುಗಳು ಬಂದವು, ಲಕ್ಷಗಟ್ಟಲೆ ಮಾರಿದವು. ಆದರೆ ಅವುಗಳಿಗೆ ಬೇರೆಯೇ ಪಟ್ಟಿ, 'ರೇಸ್ ರೆಕಾರ್ಡ್ಸ್' ಎಂದು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಹಾಗೆ. ಬಿಲ್‌ಬೋರ್ಡ್ ಪತ್ರಿಕೆ ಆ ಶಬ್ದವನ್ನು ಕೈಬಿಟ್ಟದ್ದು 1949ರಲ್ಲಿ.

ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಕಹಳೆಗಾರ 1923ರಲ್ಲಿ ತನ್ನ ಗುರು ಕಿಂಗ್ ಆಲಿವರ್ ತಂಡದ ಜೊತೆ ಮೊದಲ ಸಲ ರೆಕಾರ್ಡಿಗೆ ನುಡಿಸಿದರು. ಆಗ ಮೈಕು ಇರಲಿಲ್ಲ. ದೊಡ್ಡ ಕೊಳವೆಯ ಮುಂದೆ ಎಲ್ಲರೂ ನಿಂತು ಊದಬೇಕು. ಇವರ ಧ್ವನಿ ಇತರರನ್ನು ಮುಳುಗಿಸುತ್ತದೆ ಎಂದು ಇವರನ್ನು ದೂರ ನಿಲ್ಲಿಸಿದರು ಎಂದು ಹೇಳುತ್ತಾರೆ. ನಮ್ಮವರನ್ನು ದೂರ ನಿಲ್ಲಿಸುವ ಕಾರಣ ಬೇರೆ, ಅದು ಗೊತ್ತೇ ಇದೆ. ಆರ್ಮ್‌ಸ್ಟ್ರಾಂಗ್ ದೂರ ನಿಂತದ್ದು ಧ್ವನಿ ಹೆಚ್ಚಾದ್ದಕ್ಕೆ. 1925ರಿಂದ 1928ರವರೆಗೆ ಅವರು ತಮ್ಮದೇ ತಂಡ ಕಟ್ಟಿ ಮಾಡಿದ ಹಾಟ್ ಫೈವ್, ಹಾಟ್ ಸೆವೆನ್ ರೆಕಾರ್ಡುಗಳಲ್ಲಿ ಆ ದೂರ ಮುಗಿಯಿತು. ಗುಂಪಿನ ನಡುವಿನಿಂದ ಒಬ್ಬ ಮನುಷ್ಯ ಮುಂದೆ ಬಂದು, ಇದು ನಾನು, ಹೀಗೆ ಹೇಳುತ್ತೇನೆ, ಎಂದು ನಿಲ್ಲುವುದನ್ನು ಅಲ್ಲಿ ಕೇಳಬಹುದು. 1928ರ 'ವೆಸ್ಟ್ ಎಂಡ್ ಬ್ಲೂಸ್' ಶುರುವಿನಲ್ಲಿ ಆ ಕಹಳೆ ಒಂಟಿಯಾಗಿ ಏರುತ್ತದೆ, ಜೊತೆಗೆ ಯಾರೂ ಇಲ್ಲ. ಸೋಲೋ ಎನ್ನುವುದು ಅಹಂಕಾರವಲ್ಲ. ಹೆಸರಿಲ್ಲದ ಜನ ಹೆಸರು ಹೇಳಿಕೊಳ್ಳುವ ಕ್ರಮ.

ಜಾಝ್‌ನಲ್ಲಿ ಪ್ರತಿಭಟನೆ ಎಲ್ಲಿದೆ, ಬರೀ ವಾದ್ಯ ಅಲ್ಲವೇ ಎಂದು ಕೇಳುವ ಗೆಳೆಯರಿಗೆ ನಾಲ್ಕು ರೆಕಾರ್ಡು ಸೂಚಿಸುತ್ತೇವೆ.

ಒಂದು, ಬಿಲ್ಲಿ ಹಾಲಿಡೇ 1939ರಲ್ಲಿ ಹಾಡಿದ 'ಸ್ಟ್ರೇಂಜ್ ಫ್ರೂಟ್'. ಮರಕ್ಕೆ ನೇತುಹಾಕಿ ಕೊಂದ ಕಪ್ಪುಜನರ ಹೆಣಗಳ ಹಾಡು. ಬರೆದವರು ನ್ಯೂಯಾರ್ಕಿನ ಒಬ್ಬ ಶಾಲಾ ಮೇಷ್ಟ್ರು, ಏಬಲ್ ಮೀರೊಪೋಲ್. ಆಕೆಯ ದೊಡ್ಡ ಕಂಪೆನಿ ಕೊಲಂಬಿಯಾ ಇದನ್ನು ಮುಟ್ಟಲಿಲ್ಲ; ಕಮೊಡೋರ್ ಎಂಬ ಸಣ್ಣ ಕಂಪೆನಿ ಮುದ್ರಿಸಿತು. ಆಕೆ ಕಿರುಚುವುದಿಲ್ಲ, ಅಳುವುದಿಲ್ಲ. ಸಾಕ್ಷಿ ಹೇಳುವವಳ ಹಾಗೆ ನಿಧಾನಕ್ಕೆ ಹೇಳುತ್ತಾಳೆ. ನಮ್ಮ ಕವಿಗಳು, ನಾವೂ ಸೇರಿ, ಈ ತಡೆದ ಧ್ವನಿಯನ್ನು ಕಲಿಯಬೇಕಾಗಿದೆ.

ಎರಡು, ಚಾರ್ಲ್ಸ್ ಮಿಂಗಸ್‌ರ 'ಫೇಬಲ್ಸ್ ಆಫ್ ಫಾಬಸ್'. 1957ರಲ್ಲಿ ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಸೇರಲು ಹೋದ ಒಂಬತ್ತು ಕಪ್ಪು ಮಕ್ಕಳನ್ನು ತಡೆಯಲು ರಾಜ್ಯಪಾಲ ಫಾಬಸ್ ಸೈನಿಕರನ್ನು ನಿಲ್ಲಿಸಿದ. ಅವನನ್ನು ಗೇಲಿ ಮಾಡಿ ಮಿಂಗಸ್ ಕಟ್ಟಿದ ರಚನೆ 1959ರಲ್ಲಿ ಕೊಲಂಬಿಯಾ ಕಂಪೆನಿಯ 'ಮಿಂಗಸ್ ಆ ಉಮ್' ಆಲ್ಬಮ್ಮಿನಲ್ಲಿ ಬಂದಾಗ ಮಾತು ಇರಲಿಲ್ಲ, ವಾದ್ಯ ಮಾತ್ರ. 1960ರಲ್ಲಿ ಕ್ಯಾಂಡಿಡ್ ಎಂಬ ಸಣ್ಣ ಕಂಪೆನಿಗೆ ಅದೇ ರಚನೆಯನ್ನು ಬೈಗುಳ ಸಮೇತ ಹಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮಾತು ಇಲ್ಲದ್ದರಲ್ಲೂ ಗೇಲಿ ಇದೆ. ಸೊಟ್ಟ ನಡಿಗೆಯ ಆ ರಾಗವೇ ಸಾಕು.

ಮೂರು, ಡ್ರಮ್ಮರ್ ಮ್ಯಾಕ್ಸ್ ರೋಚ್ 1960ರಲ್ಲಿ ಮಾಡಿದ 'ವಿ ಇನ್‌ಸಿಸ್ಟ್'. ಅದರ ರಕ್ಷಾಪುಟದಲ್ಲಿ ಹೋಟೆಲಿನ ಕಟ್ಟೆಯ ಮುಂದೆ ಕೂತ ಮೂವರು ಕಪ್ಪು ಯುವಕರಿದ್ದಾರೆ. ಆ ವರ್ಷದ ಫೆಬ್ರವರಿಯಲ್ಲಿ ಗ್ರೀನ್ಸ್‌ಬರೊ ಊರಿನಲ್ಲಿ ವಿದ್ಯಾರ್ಥಿಗಳು ಬಿಳಿಯರ ಹೋಟೆಲ್ ಕಟ್ಟೆಯಲ್ಲಿ ಕೂತು ಎದ್ದೇಳದೆ ಸತ್ಯಾಗ್ರಹ ಮಾಡಿದ್ದರು. ಈ ರೆಕಾರ್ಡಿನಲ್ಲಿ ಆಬಿ ಲಿಂಕನ್ ಎಂಬ ಗಾಯಕಿ ಒಂದು ಭಾಗದಲ್ಲಿ ಶಬ್ದವೇ ಇಲ್ಲದೆ ಕೂಗುತ್ತಾಳೆ, ಜೊತೆಗೆ ಡ್ರಮ್ಮು ಮಾತ್ರ. ಕೇಳಲು ಹಿತವಿಲ್ಲ. ಹಿತವಾಗಬೇಕೆಂದು ಅವಳು ಕೂಗಿದ್ದೂ ಅಲ್ಲ.

ನಾಲ್ಕು, ಜಾನ್ ಕೋಲ್ಟ್ರೇನ್‌ರ 'ಅಲಬಾಮಾ'. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮಿನ ಚರ್ಚಿಗೆ ಬಿಳಿಯ ಕೊಲೆಗಡುಕರು ಬಾಂಬಿಟ್ಟು ನಾಲ್ವರು ಹುಡುಗಿಯರನ್ನು ಕೊಂದರು. ಎರಡು ತಿಂಗಳ ಬಳಿಕ, ನವೆಂಬರ್ 18ರಂದು, ಇದು ರೆಕಾರ್ಡಾಯಿತು. ಸ್ಯಾಕ್ಸೊಫೋನು ಇಲ್ಲಿ ಚರಮಗೀತೆ ಓದುವ ಮನುಷ್ಯನ ಹಾಗೆ ತಡೆತಡೆದು ಮಾತಾಡುತ್ತದೆ. ಒಂದು ಘೋಷಣೆಯೂ ಇಲ್ಲ. ಆದರೆ ಐದು ನಿಮಿಷ ಕೇಳಿದ ಮೇಲೆ ಮನುಷ್ಯ ಸುಮ್ಮನೆ ಎದ್ದು ಹೋಗಲಾರ.

ಈಗ ನೇತ್ರಾವತಿಯ ದಡಕ್ಕೆ ಬರೋಣ. 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಕದ್ರಿ ಗೋಪಾಲನಾಥ್ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ನುಡಿಸುವವರು. ಊರ ಬಾಯಲ್ಲಿ ಹೇಳುವುದಾದರೆ ವಾಲಗದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಹುಡುಗ ಅದೇ ಬೇಕೆಂದು ಹಟ ಹಿಡಿದರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಕಲಿಸಿದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಈ ಹಿತ್ತಾಳೆ ವಾದ್ಯದಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಕೀಲಿ. ನಾಗಸ್ವರದಲ್ಲಿ ಬೆರಳನ್ನು ಅರ್ಧ ತೆರೆದು ಸ್ವರವನ್ನು ಜಾರಿಸಬಹುದು; ಇಲ್ಲಿ ಹಾಗೆ ಬೆರಳಿಗೆ ತೂತು ಸಿಗುವುದಿಲ್ಲ. ಗಮಕ ಬೇಕೆಂದರೆ ತುಟಿ, ಗಂಟಲು, ಉಸಿರು ದುಡಿಯಬೇಕು. ಗೋಪಾಲನಾಥರು ವಾದ್ಯದಲ್ಲಿ ತಮಗೆ ಬೇಕಾದ ಬದಲಾವಣೆ ಮಾಡಿಕೊಂಡು, ವರ್ಷಗಟ್ಟಲೆ ಊದಿ, ಅದನ್ನು ಒಲಿಸಿಕೊಂಡರು. ಈ ದುಡಿಮೆಯ ಮುಂದೆ ನಾವು ತಲೆ ಬಾಗುತ್ತೇವೆ.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರು ನುಡಿಸಿದರು. ಅಲ್ಲಿಗೆ ಬಂದಿದ್ದ ಕ್ಯಾಲಿಫೋರ್ನಿಯಾದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಕೇಳಿ, ನಾನೂ ನಿಮ್ಮ ಜೊತೆ ನುಡಿಸಬಹುದೇ ಎಂದು ಕೇಳಿ, ವೇದಿಕೆ ಹತ್ತಿದರು. ಈ ಘಟನೆಯನ್ನು ನಮ್ಮ ಪತ್ರಿಕೆಗಳು ಹೆಮ್ಮೆಯಿಂದ ಬರೆದವು. ಆದರೆ ಆ ಹ್ಯಾಂಡಿ ಯಾರು ಎಂದು ಕೇಳಿದವರು ಕಡಿಮೆ. ಮೇಲೆ ಹೇಳಿದ 'ಮಿಂಗಸ್ ಆ ಉಮ್' ಆಲ್ಬಮ್ಮಿನ ತಂಡದಲ್ಲಿ ಸ್ಯಾಕ್ಸೊಫೋನ್ ಹಿಡಿದವರಲ್ಲಿ ಇವರೂ ಒಬ್ಬರು. ಅಂದರೆ ಶಾಲೆಯ ಬಾಗಿಲಲ್ಲಿ ತಡೆದವನನ್ನು ಗೇಲಿ ಮಾಡಿದ ತಂಡದ ಉಸಿರು ಬಂದು ಸಜೀಪದ ವಾಲಗದ ಮನೆಯ ಉಸಿರಿನ ಪಕ್ಕ ನಿಂತಿತು. ನಮ್ಮ ವಿಮರ್ಶಕರಿಗೆ ಇದು ಪೂರ್ವ ಪಶ್ಚಿಮಗಳ ಸಂಗಮವಾಗಿ ಕಂಡಿತು. ನಮಗೆ ಕೂಲಿಗೆ ಊದುತ್ತ ಬಂದ ಎರಡು ಮನೆತನಗಳ ಭೇಟಿಯಾಗಿ ಕಾಣುತ್ತದೆ.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್, ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ತಮಿಳು ಚಿತ್ರ 'ಡ್ಯುಯೆಟ್', 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಆಗ ಬಂದ ಹೊಗಳಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಸಿತು: ವಿದೇಶಿ ವಾದ್ಯಕ್ಕೆ ಸಂಸ್ಕಾರ ಕೊಟ್ಟರು, ಕ್ಲಬ್ಬಿನಲ್ಲಿದ್ದದ್ದನ್ನು ಗರ್ಭಗುಡಿಯ ಎದುರಿಗೆ ತಂದರು ಎಂದು.

ಈ ಮಾತಿಗೆ ನಮ್ಮ ತಕರಾರು ಇದೆ. ಗೋಪಾಲನಾಥರ ಮೇಲೆ ಅಲ್ಲ, ಹೊಗಳಿದವರ ಮೇಲೆ. ಸ್ಯಾಕ್ಸೊಫೋನಿಗೆ ಸಂಸ್ಕಾರ ಇರಲಿಲ್ಲವೇ? ಬಾಂಬಿಗೆ ಸತ್ತ ನಾಲ್ವರು ಹುಡುಗಿಯರಿಗೆ ಶೋಕ ಹಾಡಿದ ವಾದ್ಯ ಅದು. ಅದನ್ನು ಮಡಿ ಮಾಡುವ ಅಗತ್ಯ ಯಾರಿಗೆ ಬಂತು? ನಮ್ಮ ಸಂಸ್ಕೃತಿಯ ಯಜಮಾನರಿಗೆ ಒಂದು ವಸ್ತುವನ್ನು ಒಪ್ಪಿಕೊಳ್ಳಲು ಮೊದಲು ಅದರ ನೆನಪನ್ನು ತೊಳೆಯಬೇಕು. ಸ್ಯಾಕ್ಸೊಫೋನಿನಿಂದ ಕಪ್ಪುಜನರ ಬೆವರು ತೊಳೆದುಹೋದ ಮೇಲೆಯೇ ಅದು ಇವರಿಗೆ ಶುದ್ಧವಾಯಿತು. ಸಜೀಪದ ವಾಲಗದ ಮನೆಯೂ ಆ ತೊಳೆತದಲ್ಲಿ ಹೋಯಿತು. ಉಳಿದದ್ದು ಸಾಧಕ, ಪ್ರಶಸ್ತಿ, ಶಾಲು.

ಪುಂಜಾಲಕಟ್ಟೆ, ಸಿದ್ಧಕಟ್ಟೆ, ವಾಮದಪದವು ಯಾವ ಕಡೆ ಹೋದರೂ ಇವತ್ತು ಮದುವೆಗೆ, ಬ್ರಹ್ಮಕಲಶಕ್ಕೆ, ನೇಮಕ್ಕೆ ಸ್ಯಾಕ್ಸೊಫೋನು ಬೇಕು. ನಾಗಸ್ವರ ಇದ್ದ ಜಾಗದಲ್ಲಿ ಅದು ಕೂತಿದೆ. ಇದರಿಂದ ಎಷ್ಟೋ ಹುಡುಗರಿಗೆ ಕೆಲಸ ಸಿಕ್ಕಿತು, ಒಳ್ಳೆಯದೇ. ಆದರೆ ಸೀಸನ್ ಮುಗಿದು ಮಳೆ ಬಿದ್ದರೆ ಅವರು ಎಂತ ಮಾಡುತ್ತಾರೆ ಎಂದು ಶಾಲು ಹೊದಿಸುವವರು ಯಾರಾದರೂ ಕೇಳಿದ್ದುಂಟೇ? ವಾದ್ಯ ಒಳಗೆ ಹೋಯಿತು. ವಾದಕ ಇನ್ನೂ ಜಗಲಿಯ ಮೇಲೆ.

ಇಲ್ಲಿ ಇನ್ನೊಬ್ಬನ ಕಥೆ ಹೇಳಬೇಕು. ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೆ ನಮ್ಮ ಬಯಲುಸೀಮೆಯ ಹುಡುಗ ಎನ್ನುತ್ತೀರಿ. 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದವರು. ಚಾರ್ಲಿ ಪಾರ್ಕರ್ ಕೇಳಿ ಆಲ್ಟೊ ಸ್ಯಾಕ್ಸೊಫೋನ್ ಹಿಡಿದವರು. ಕಾಲೇಜಿನಲ್ಲಿದ್ದಾಗ ಅಣ್ಣ ತಮಾಷೆಗೆಂದು ಒಂದು ಆಲ್ಬಮ್ ಕೊಟ್ಟರು: ಗೋಪಾಲನಾಥರ 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ತಮಾಷೆ ಅಲ್ಲಿಗೆ ನಿಂತಿತು. ವರ್ಷಗಳ ಬಳಿಕ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಮ್ ಮಾಡಿದರು, 2008ರಲ್ಲಿ ಬಂತು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ, ಗಿಟಾರಿಗೆ ರೆಜ್ ಅಬ್ಬಾಸಿ. ಎರಡು ಆಲ್ಟೊಗಳಲ್ಲಿ ಒಂದು ಸ್ವರವನ್ನು ಬಗ್ಗಿಸಿ ಉದ್ದಕ್ಕೆ ಎಳೆಯುತ್ತದೆ, ಇನ್ನೊಂದು ಕತ್ತರಿಸಿ ಎಸೆಯುತ್ತದೆ. ಒಂದು ಇನ್ನೊಂದಕ್ಕೆ ಪಕ್ಕವಾದ್ಯ ಆಗುವುದಿಲ್ಲ. ಶೀರ್ಷಿಕೆಯ ಅರ್ಥ ನೆಂಟರು ಎಂದು. ಹತ್ತಿರದ ನೆಂಟರು ಜಗಳವಾಡುವ ಹಾಗೆಯೇ ಇದೆ, ಚೆನ್ನಾಗಿದೆ.

ಆದರೆ ನಮಗೆ ಹೆಚ್ಚು ಮುಖ್ಯವಾದದ್ದು ರುದ್ರೇಶರು 2004ರಲ್ಲಿ ತಂದ 'ಮದರ್ ಟಂಗ್'. ನೀವು ಇಂಡಿಯನ್ ಮಾತಾಡುತ್ತೀರಾ ಎಂದು ಅಮೆರಿಕದವರು ಕೇಳುವ ಪೆದ್ದು ಪ್ರಶ್ನೆಗೆ, ಅಲ್ಲಿನ ಭಾರತೀಯರು ತಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರವನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿ ರಚನೆ ಮಾಡಿದರು. ಅದರಲ್ಲಿ ಒಂದು ರಚನೆಯ ಹೆಸರು 'ಕನ್ನಡ', ಇನ್ನೊಂದರ ಹೆಸರು 'ಕೊಂಕಣಿ'. ಗಮನಿಸಿ, ಇಲ್ಲಿ ಕೀರ್ತನೆ ಇಲ್ಲ, ದೇವರ ನಾಮ ಇಲ್ಲ. ಜನ ಬಾಯಿ ತೆರೆದು ಮಾತಾಡಿದ್ದೇ ಸಂಗೀತ. ದೇವನೂರ ಮಹಾದೇವರು 'ಕುಸುಮಬಾಲೆ'ಯಲ್ಲಿ ನಂಜನಗೂಡು ಸೀಮೆಯ ದಲಿತರ ಮಾತಿನ ಓಟವನ್ನು ಗದ್ಯದೊಳಗೆ ತಂದದ್ದು ಇದೇ ಜಾತಿಯ ಕೆಲಸ. ಅದು 1984ರಲ್ಲೇ ಆಯಿತು. ನಮ್ಮ ಸಾಹಿತ್ಯ ಮಾಡಿದ್ದನ್ನು ನಮ್ಮ ಸಂಗೀತ ಇನ್ನೂ ಮಾಡಿಲ್ಲ. ತುಳುನಾಡಿನ ಹೆಂಗಸರು ತೆಂಬರೆ ಹಿಡಿದು ಪಾಡ್ದನ ಹೇಳುವ ಧಾಟಿ, ಬೀಡಿ ಕಟ್ಟುತ್ತ ಮಾತಾಡುವ ಧಾಟಿ ಯಾವ ಸ್ಯಾಕ್ಸೊಫೋನಿಗೂ ಇನ್ನೂ ಇಳಿದಿಲ್ಲ. ಯಾಕೆ ಇಳಿಯಬಾರದು?

ಕೊನೆಗೆ ಡೋಲಿನ ಮಾತು. ನಮ್ಮ ಜಿಲ್ಲೆಯಲ್ಲಿ ಡೋಲು ಎಂದರೆ ಕೊರಗರು. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಗದ್ದೆಯ ಬದಿ ಕೂತು ಡೋಲು ಬಡಿಯುತ್ತ ಬೆಳಗು ಮಾಡುವ 'ಪನಿಕುಲ್ಲುನಿ' ಅವರ ಪಾಲಿಗೆ ಬಂದದ್ದು ಕಲೆಯೆಂದು ಅಲ್ಲ, ಬಿಟ್ಟಿಯೆಂದು. ಕೂದಲು, ಉಗುರು ಬೆರೆಸಿದ ಅನ್ನ ಅವರಿಗೆ ಕೊಟ್ಟು ತಮ್ಮ ಪೀಡೆ ಕಳೆದುಕೊಳ್ಳುವ ಅಜಲು ಎಂಬ ಅನಿಷ್ಟವೂ ಅದರ ಜೊತೆಗೇ ಇತ್ತು. ಅದನ್ನು ನಿಷೇಧಿಸಲು ರಾಜ್ಯಕ್ಕೆ 2000ನೇ ಇಸವಿಯಲ್ಲಿ ಕಾನೂನು ಬೇಕಾಯಿತು. ಅಮೆರಿಕದ ಒಡೆಯ ಹೆದರಿ ಡೋಲು ಕಿತ್ತುಕೊಂಡ. ನಮ್ಮ ಒಡೆಯ ಅವಮಾನಕ್ಕೆಂದೇ ಡೋಲು ಹೊರಿಸಿದ. ಎರಡು ಚರಿತ್ರೆಗಳನ್ನು ಸುಮ್ಮನೆ ಒಂದೇ ಎನ್ನುವಂತಿಲ್ಲ, ಈ ವ್ಯತ್ಯಾಸ ದೊಡ್ಡದು.

ಹಾಗಾಗಿ ಓದಿದ ಕೊರಗ ಹುಡುಗ ಡೋಲು ಮುಟ್ಟುವುದಿಲ್ಲ ಎಂದರೆ ಅವನಿಗೆ ಪರಂಪರೆಯ ಪಾಠ ಹೇಳಲು ಯಾರಿಗೂ ಹಕ್ಕಿಲ್ಲ. ಹಳೆ ಮೈಸೂರಿನ ಕಡೆ ಮೇಲ್ಜಾತಿಯ ಹೆಣಕ್ಕೆ, ಜಾತ್ರೆಗೆ ತಮಟೆ ಬಡಿಯುವುದನ್ನು ಬಿಟ್ಟ ಕೇರಿಗಳಿವೆ. ಬಿಟ್ಟದ್ದೇ ಹೋರಾಟವಾಗಿತ್ತು. ಅದೇ ತಮಟೆ ದಲಿತ ಸಂಘರ್ಷ ಸಮಿತಿಯ ಜಾಥಾಗಳ ಮುಂದೆ ಬಂದಾಗ ಅದೂ ಹೋರಾಟವಾಯಿತು. ಬಿಡುವುದೋ ಬಡಿಯುವುದೋ ಎಂಬ ವಾದ ಕಪ್ಪುಜನರಲ್ಲೂ ಇತ್ತು. ಆರ್ಮ್‌ಸ್ಟ್ರಾಂಗ್ ಬಿಳಿಯರ ಎದುರು ಹಲ್ಲು ಕಿರಿಯುತ್ತಾರೆ ಎಂದು ಮುಂದಿನ ತಲೆಮಾರಿನವರು ಹಂಗಿಸಿದರು. ಅದೇ ಆರ್ಮ್‌ಸ್ಟ್ರಾಂಗ್ 1957ರಲ್ಲಿ ಲಿಟಲ್ ರಾಕ್ ಮಕ್ಕಳ ಸುದ್ದಿ ಕೇಳಿ, ಸರ್ಕಾರದ ಪರವಾಗಿ ರಷ್ಯಾಕ್ಕೆ ಹೋಗುವುದಿಲ್ಲ ಎಂದು ಅಧ್ಯಕ್ಷ ಐಸೆನ್‌ಹೋವರ್ ಮೇಲೆಯೇ ಹರಿಹಾಯ್ದರು. ನಗುವವನ ಒಳಗೆ ಎಂತ ಇದೆ ಎಂದು ನಗುವಿನಿಂದ ಗೊತ್ತಾಗುವುದಿಲ್ಲ.

ಜಾಝ್ ಬಿಡಿಸಿಕೊಂಡ ಗಂಟು ಇನ್ನೊಂದು. 1945ರಲ್ಲಿ ಚಾರ್ಲಿ ಪಾರ್ಕರ್ ಮುದ್ರಿಸಿದ 'ಕೋ-ಕೋ' ಎಂಬ ರಚನೆಯ ತಳಹದಿ 'ಚೆರೊಕೀ' ಎಂಬ ಜನಪ್ರಿಯ ಹಾಡಿನದು. ಮೇಲೆ ನಿಂತ ರಾಗ ಪೂರ್ತಿ ಪಾರ್ಕರದು, ಗುರುತೇ ಸಿಗದಷ್ಟು ವೇಗ. ಗೇಣಿಯ ಗದ್ದೆಯಲ್ಲಿ ಸ್ವಂತ ಬೆಳೆ ತೆಗೆದ ಹಾಗೆ. ಕುಣಿಯುವವರ ಕಾಲಿಗೆ ತಕ್ಕಂತೆ ನುಡಿಸುವುದನ್ನು ಆ ತಲೆಮಾರು ನಿಲ್ಲಿಸಿತು. ಬೇಕಾದರೆ ಕೂತು ಕೇಳಿ ಎಂದಿತು. ಇದಕ್ಕೆ ಬೆಲೆ ತೆತ್ತರು. ಪಾರ್ಕರ್ ಸತ್ತಾಗ 34 ವರ್ಷ. ಆದರೆ ಕೂಲಿ ವಾದ್ಯ ಮತ್ತು ಸ್ವಂತ ವಾದ್ಯದ ನಡುವಿನ ಗೆರೆ ಅಲ್ಲಿ ಬಿತ್ತು.

ಡೋಲಿಗೂ ಅಂತಹ ಗೆರೆ ಬೇಕು. ಯಾವಾಗ ಬಡಿಯುವುದು, ಯಾರ ಎದುರು, ಎಷ್ಟು ಸಂಭಾವನೆಗೆ, ಎಲ್ಲಿ ಕೂತು, ಇವೆಲ್ಲ ಬಡಿಯುವವನೇ ತೀರ್ಮಾನಿಸುವ ದಿನ ಅದು ಕಲೆ. ಅಲ್ಲಿಯವರೆಗೆ ಜಾನಪದ ಉತ್ಸವದ ವೇದಿಕೆಯ ಮೇಲಿದ್ದರೂ ಅದು ಬಿಟ್ಟಿಯೇ.

ಊರಿನ ಶಾಲೆಗಳಲ್ಲಿ ಕಲಿಸುವ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇವೆ. ಜಾಝ್ ಆಲ್ಬಮ್ಮಿನ ಹಿಂಬದಿ ನೋಡಿ. ಕಹಳೆ ಯಾರು, ಡ್ರಮ್ಮು ಯಾರು, ಯಾವ ದಿನ, ಯಾವ ಊರಿನಲ್ಲಿ ಮುದ್ರಣ ಎಂದು ಒಬ್ಬೊಬ್ಬರ ಹೆಸರೂ ಇರುತ್ತದೆ. 1923ರಲ್ಲಿ ದೂರ ನಿಂತ ಎರಡನೇ ಕಹಳೆಯವನ ಹೆಸರು ನಮಗೆ ಇವತ್ತು ಗೊತ್ತಿರುವುದು ಅದನ್ನು ಯಾರೋ ಬರೆದಿಟ್ಟದ್ದರಿಂದ. ನಮ್ಮಲ್ಲಿ ಎಷ್ಟೋ ಡೋಲಿನ ಮುದ್ರಣಗಳ ಮೇಲೆ 'ಕೊರಗರ ಡೋಲು' ಎಂದಷ್ಟೇ ಇರುತ್ತದೆ. ಜಾತಿಯ ಹೆಸರಿದೆ, ಮನುಷ್ಯನ ಹೆಸರಿಲ್ಲ. ನಿಮ್ಮ ಊರಿನಲ್ಲಿ ಡೋಲು, ತೆಂಬರೆ ಬಲ್ಲವರ ಬಳಿ ಹೋಗಿ. ಅವರು ಒಪ್ಪಿದರೆ ಮಾತ್ರ ಮುದ್ರಿಸಿ. ಸಂಭಾವನೆ ಕೊಡಿ. ಹೆಸರು, ಊರು, ದಿನ ಬರೆದಿಡಿ, ಒಂದು ಪ್ರತಿ ಅವರ ಕೈಗೇ ಕೊಡಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಆ 'ಇಲ್ಲ' ಎಂಬ ಮಾತನ್ನೂ ನಮ್ಮ ಪತ್ರಿಕೆಗೆ ಬರೆದು ಕಳಿಸಿ.